ಫ್ರೀಕ್ವೆನ್ಸಿ, ವೇವ್‌ಲೆಂತ್, ವೇಗ: ರೇಡಿಯೋ ನಂಬರ್‌ನಿಂದ ಹಿಡಿದು ಹಪ್ಪಳದಲ್ಲಿ ಬೆಳಕಿನ ವೇಗ ಅಳೆಯೋ ತನಕ

ಆಕಾಶವಾಣಿ ಬೆಂಗಳೂರಿನ ಮೀಡಿಯಂ ವೇವ್ ಸ್ಟೇಷನ್ 612 ಕಿಲೋಹರ್ಟ್ಸ್. ರೇಡಿಯೋ ಕೇಳ್ಕೊಂಡೇ ಬೆಳೆದವ್ರಿಗೆ ನೆನಪಿರುತ್ತೆ, ಉದ್ಘೋಷಕರು ಬರೀ ಕಿಲೋಹರ್ಟ್ಸ್ ಹೇಳಿ ಸುಮ್ನಾಗ್ತಿರ್ಲಿಲ್ಲ, ಜೊತೆಗೆ ಮೀಟರ್ ಲೆಕ್ಕನೂ ಹೇಳೋರು. 612 ಕಿಲೋಹರ್ಟ್ಸ್‌ಗೆ ಅದು 490.2 ಮೀಟರ್. ಧಾರವಾಡದ 765 ಕಿಲೋಹರ್ಟ್ಸ್‌ಗೆ 392.2 ಮೀಟರ್. ಈಗ ಮೊಬೈಲ್ ತೆಗೆದು 612 ಇಂಟು 490.2 ಹೊಡೀರಿ, ಆಮೇಲೆ 765 ಇಂಟು 392.2 ಹೊಡೀರಿ. ಎರಡು ಸಲನೂ 3,00,000ದ ಆಸುಪಾಸೇ ಬರುತ್ತೆ. ಬೆಳಕು ಒಂದು ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಓಡುತ್ತೋ ಅದೇ ಈ ಸಂಖ್ಯೆ. ಅಂದ್ರೆ ರೇಡಿಯೋದವ್ರು ದಿನಾ ಬೆಳಗ್ಗೆ ನಮಗೆ ಬೆಳಕಿನ ವೇಗನ ಎರಡು ತುಂಡು ಮಾಡಿ ಹೇಳ್ತಿದ್ರು, ನಾವು ಗುಣಿಸಿರ್ಲಿಲ್ಲ ಅಷ್ಟೇ.

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ, ಮತ್ತೆ ಮನೇಲಿ ಆಂಟೆನಾ ಗೀಂಟೆನಾ ಮಾಡೋ ಹುಚ್ಚಿರೋರಿಗೆ ಅಂತ ಇದನ್ನ ಹಂತ ಹಂತವಾಗಿ ಬರೀತಿದ್ದೀನಿ. ಲೆಕ್ಕ ಬರೀ ಗುಣಾಕಾರ ಭಾಗಾಕಾರ. ಕಷ್ಟ ಇರೋದು ಬೇರೆ ಕಡೆ, ಮೂರರಲ್ಲಿ ಯಾವ್ದು ಯಾರ ಮಾತು ಕೇಳುತ್ತೆ ಅನ್ನೋದ್ರಲ್ಲಿ, ಅದು 4ನೇ ಹಂತದಲ್ಲಿ ಬರುತ್ತೆ, ಅದನ್ನ ಮಾತ್ರ ಹಾರಿಸ್ಕೊಂಡು ಹೋಗ್ಬೇಡಿ.

ಹಂತ 1: ಮೂರೂ ಏನು ಅಂತ ಗೊತ್ತು ಮಾಡ್ಕೊಳ್ಳಿ

ಫ್ರೀಕ್ವೆನ್ಸಿ, ಪುಸ್ತಕದಲ್ಲಿ ಆವೃತ್ತಿ ಅಂತಿರುತ್ತೆ, ಅಂದ್ರೆ ಒಂದು ಸೆಕೆಂಡಲ್ಲಿ ಅಲೆ ಎಷ್ಟು ಸಲ ಮೇಲೆ ಕೆಳಗೆ ಆಗುತ್ತೆ ಅನ್ನೋ ಎಣಿಕೆ, ಹರ್ಟ್ಸ್‌ನಲ್ಲಿ ಅಳೀತಾರೆ. ವೇವ್‌ಲೆಂತ್, ಅದೇ ತರಂಗದೂರ, ಒಂದು ಶೃಂಗದಿಂದ, ಅಂದ್ರೆ ಅಲೆಯ ನೆತ್ತಿಯಿಂದ, ಮುಂದಿನ ಶೃಂಗಕ್ಕೆ ಇರೋ ದೂರ. ವೇಗ ಗೊತ್ತೇ ಇದೆ. ರೇಡಿಯೋ ಅಲೆ, ಬೆಳಕು ಎಲ್ಲಾ ವಿದ್ಯುತ್ಕಾಂತೀಯ ಅಲೆಗಳೇ, ಅವುಗಳಲ್ಲಿ ಮೇಲೆ ಕೆಳಗೆ ಆಗೋದು ನೀರಲ್ಲ ಗಾಳಿ ಅಲ್ಲ, ವಿದ್ಯುತ್ ಕ್ಷೇತ್ರ ಮತ್ತು ಕಾಂತ ಕ್ಷೇತ್ರ, ಅದಕ್ಕೇ ಏನೂ ಇಲ್ದಿರೋ ಖಾಲಿ ಜಾಗದಲ್ಲೂ ಅದು ಹೋಗುತ್ತೆ, ಇಲ್ದಿದ್ರೆ ಸೂರ್ಯನ ಬೆಳಕು ನಮ್ಮ ಅಂಗಳಕ್ಕೆ ಬರ್ತಾನೇ ಇರ್ಲಿಲ್ಲ.

ಜಾತ್ರೇಲಿ ಅಪ್ಪನ ಕೈ ಹಿಡ್ಕೊಂಡು ಹೋಗೋ ಮಗುನ ನೋಡಿ. ಅಪ್ಪನ ಹೆಜ್ಜೆ 80 ಸೆಂಟಿಮೀಟರ್, ಮಗುದು 40. ಇಬ್ರೂ ಒಟ್ಟಿಗೇ ಹೋಗ್ಬೇಕು ಅಂದ್ರೆ ಮಗು ಎರಡರಷ್ಟು ಹೆಜ್ಜೆ ಹಾಕ್ಬೇಕು. ಹೆಜ್ಜೆ ಉದ್ದ ಇಂಟು ಸೆಕೆಂಡಿಗೆ ಎಷ್ಟು ಹೆಜ್ಜೆ, ಅದೇ ವೇಗ. ಅಲೆಗೂ ಅಷ್ಟೇ:

ವೇಗ = ಫ್ರೀಕ್ವೆನ್ಸಿ × ವೇವ್‌ಲೆಂತ್

ಮಗು ಜಾಸ್ತಿ ಹೆಜ್ಜೆ ಹಾಕ್ತಿದೆ ಅಂತ ಮಗುನೇ ಮುಂದೆ ಓಡ್ತಿದೆ ಅನ್ನಲ್ಲ ಅಲ್ವಾ? ಆದ್ರೆ ಪರೀಕ್ಷೇಲಿ ಬಹಳ ಜನ ಹಾಗೇ ಬರ್ದು ಬರ್ತಾರೆ, "ಗಾಮಾ ಕಿರಣದ ಫ್ರೀಕ್ವೆನ್ಸಿ ಜಾಸ್ತಿ ಆದ್ದರಿಂದ ಅದು ರೇಡಿಯೋ ಅಲೆಗಿಂತ ವೇಗವಾಗಿ ಚಲಿಸುತ್ತದೆ" ಅಂತ. ತಪ್ಪು. ನಿರ್ವಾತದಲ್ಲಿ ರೇಡಿಯೋ, ಮೈಕ್ರೋವೇವ್, ಬೆಳಕು, ಎಕ್ಸ್‌ರೇ, ಗಾಮಾ ಎಲ್ಲಾ ಒಂದೇ ವೇಗ, ಸೆಕೆಂಡಿಗೆ 29,97,92,458 ಮೀಟರ್. ಫ್ರೀಕ್ವೆನ್ಸಿ ಜೊತೆ ಏರೋದು ಒಂದೊಂದು ಫೋಟಾನ್‌ನ, ಅಂದ್ರೆ ಬೆಳಕಿನ ಒಂದೊಂದು ಪುಟ್ಟ ಕಣದ ಶಕ್ತಿ. ಗಾಮಾ ಅಪಾಯ ಆಗೋದು ಅದಕ್ಕೆ, ವೇಗಕ್ಕಲ್ಲ.

ಹಂತ 2: 300 ಅನ್ನೋ ಸಂಖ್ಯೆ ಬಾಯಿಪಾಠ ಮಾಡಿ

ಸೊನ್ನೆ ಎಣಿಸ್ತಾ ಕೂತ್ರೆ ತಪ್ಪೋದು ಗ್ಯಾರಂಟಿ. ಅದರ ಬದಲು ಮೆಗಾಹರ್ಟ್ಸ್ ಇಂಟು ಮೀಟರ್ = 300, ಇದೊಂದು ತಲೇಲಿ ಇಟ್ಕೊಳ್ಳಿ. ಗಿಗಾಹರ್ಟ್ಸ್ ಆದ್ರೆ ಸೆಂಟಿಮೀಟರ್ ಜೊತೆ, ಆಗ ಗುಣಲಬ್ಧ 30. ಬೆಳಕಿಗೆ ಟೆರಾಹರ್ಟ್ಸ್ ಇಂಟು ನ್ಯಾನೋಮೀಟರ್ = 3,00,000. ನಿಜವಾದ ಬೆಲೆ 299.79, ನಾವು 300 ತಗೋತೀವಿ, ವ್ಯತ್ಯಾಸ ನೂರಕ್ಕೆ 0.07, ಮನೆ ಕೆಲಸಕ್ಕೂ ಪರೀಕ್ಷೆಗೂ ಇದು ಲೆಕ್ಕಕ್ಕೇ ಇಲ್ಲ. ಗಾಳೀಲಿ ಬೆಳಕು ನಿರ್ವಾತಕ್ಕಿಂತ ಚೂರೇ ಚೂರು ನಿಧಾನ, ಅದನ್ನೂ ಬಿಟ್ಬಿಡಿ.

ಹಂತ 3: ಕೈ ಪಳಗಿಸ್ಕೊಳ್ಳಿ

ಎಫ್‌ಎಂ ರೈನ್‌ಬೋ ಬೆಂಗಳೂರು 101.3 ಮೆಗಾಹರ್ಟ್ಸ್. 300 ಭಾಗಿಸು 101.3, ಅಂದ್ರೆ 2.96 ಮೀಟರ್. ಒಂದು ಅಲೆ ನಿಮ್ಮ ರೂಮಿನ ಉದ್ದ ಇದೆ. ಅದೇ ಊರಿನ 612 ಕಿಲೋಹರ್ಟ್ಸ್ ಅಲೆ ಅರ್ಧ ಕಿಲೋಮೀಟರ್ ಹತ್ರ. ಮೀಡಿಯಂ ವೇವ್ ಟವರ್‌ಗಳು ಅಷ್ಟು ಎತ್ತರ ಯಾಕೆ, ಎಫ್‌ಎಂಗೆ ಕಾರಿನ ಮೇಲೆ ಮುಕ್ಕಾಲು ಮೀಟರ್ ಕಡ್ಡಿ ಯಾಕೆ ಸಾಕು ಅಂತ ಇಲ್ಲೇ ಉತ್ತರ ಸಿಕ್ತು, ಆಂಟೆನಾದ ಅಳತೆ ವೇವ್‌ಲೆಂತ್‌ನ ಅರ್ಧವೋ ಕಾಲೋ ಇದ್ರೆ ಚೆನ್ನಾಗಿ ಕೆಲಸ ಮಾಡುತ್ತೆ. 2.96ರ ಕಾಲು ಭಾಗ 74 ಸೆಂಟಿಮೀಟರ್.

ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ಹತ್ರ ಒಂದು ರೇಡಿಯೋ ದೂರದರ್ಶಕ ಇದೆ, ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ್ದು. ಅದನ್ನ ಕಟ್ಟಿದ್ದು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶನ ಕೇಳೋಕೆ. 300 ಭಾಗಿಸು 34.5, 8.7 ಮೀಟರ್. ಇಷ್ಟು ಉದ್ದದ ಅಲೇಲಿ ಆಕಾಶನ ಸ್ವಲ್ಪನಾದ್ರೂ ಸ್ಪಷ್ಟವಾಗಿ ನೋಡ್ಬೇಕು ಅಂದ್ರೆ ದೂರದರ್ಶಕದ ಅಗಲ ವೇವ್‌ಲೆಂತ್‌ನ ನೂರಾರು ಪಟ್ಟು ಇರ್ಬೇಕು. ಹಾಗಾಗಿ ಅಲ್ಲಿ ದೊಡ್ಡ ತಟ್ಟೆ ಗಿಟ್ಟೆ ಏನೂ ಇಲ್ಲ, ಬಯಲಲ್ಲಿ ಇಂಗ್ಲಿಷ್ ಟೀ ಅಕ್ಷರದ ಆಕಾರದಲ್ಲಿ ಸಾಲು ಸಾಲು ತಂತಿ ಆಂಟೆನಾ, ಪೂರ್ವ ಪಶ್ಚಿಮಕ್ಕೆ ಹಬ್ಬಿರೋ ಸಾಲೇ 1.4 ಕಿಲೋಮೀಟರ್. 1400ನ 8.7ರಿಂದ ಭಾಗಿಸಿ, 160 ಅಲೆ.

ವೈಫೈ 2.4 ಗಿಗಾಹರ್ಟ್ಸ್, 30 ಭಾಗಿಸು 2.4, ಹನ್ನೆರಡೂವರೆ ಸೆಂಟಿಮೀಟರ್. 5ಜಿಗೆ ನಮ್ಮಲ್ಲಿ ಜಾಸ್ತಿ ಓಡೋ 3.5 ಗಿಗಾಹರ್ಟ್ಸ್ ಅಲೆ 8.6 ಸೆಂಟಿಮೀಟರ್, 700 ಮೆಗಾಹರ್ಟ್ಸ್ ಅಲೆ 43 ಸೆಂಟಿಮೀಟರ್. ಉದ್ದದ್ದು ಗೋಡೆ ದಾಟಿ ಒಳಗೆ ಬರೋದ್ರಲ್ಲಿ ಜಾಣ, ಗಿಡ್ಡದ್ರಲ್ಲಿ ಬ್ಯಾಂಡ್‌ವಿಡ್ತ್, ಅಂದ್ರೆ ಬಳಸೋಕೆ ಸಿಗೋ ಫ್ರೀಕ್ವೆನ್ಸಿಗಳ ಅಗಲ, ಜಾಸ್ತಿ ಸಿಗುತ್ತೆ ಹಾಗಾಗಿ ಡೇಟಾ ಜಾಸ್ತಿ. "5ಜಿ ಸ್ಪೀಡು" ಅಂತ ಜಾಹೀರಾತಲ್ಲಿ ಕೂಗೋದು ಈ ಡೇಟಾ ಲೆಕ್ಕ, ಅಲೆ ಓಡೋ ವೇಗ 2ಜಿಗೂ 5ಜಿಗೂ ಒಂದೇ.

ಉಲ್ಟಾನೂ ಒಂದು. ಪಾಠ ಹೇಳೋಕೆ ಬಳಸೋ ಕೆಂಪು ಲೇಸರ್ ಮೇಲೆ 650 ನ್ಯಾನೋಮೀಟರ್ ಅಂತ ಬರ್ದಿರುತ್ತೆ. 3,00,000 ಭಾಗಿಸು 650, 461 ಟೆರಾಹರ್ಟ್ಸ್. ಸೆಕೆಂಡಿಗೆ 461 ಲಕ್ಷ ಕೋಟಿ ಸಲ.

ಹಂತ 4: ಯಾವುದು ಯಾರ ಮಾತು ಕೇಳುತ್ತೆ

ಶಾಲೇಲಿ ತ್ರಿಕೋನ ಬರ್ದು ಮೂರು ಮೂಲೇಲಿ ಮೂರು ಅಕ್ಷರ ಹಾಕಿ ಬೇಕಾದ್ದನ್ನ ಬೆರಳಲ್ಲಿ ಮುಚ್ಚಿ ಅಂತ ಹೇಳ್ಕೊಡ್ತಾರೆ. ಮಾರ್ಕ್ಸ್ ಬರುತ್ತೆ, ಬೇಡ ಅನ್ನಲ್ಲ. ಆದ್ರೆ ಆ ತ್ರಿಕೋನ ಒಂದು ಕೆಟ್ಟ ಅಭ್ಯಾಸ ಕಲಿಸುತ್ತೆ, ಮೂರೂ ಸಮಾನ, ಯಾವುದನ್ನ ಬೇಕಾದ್ರೂ ಬದಲಾಯಿಸ್ಬಹುದು ಅಂತ. ನಿಜದಲ್ಲಿ ಹಾಗಿಲ್ಲ.

ಫ್ರೀಕ್ವೆನ್ಸಿ ತೀರ್ಮಾನ ಆಗೋದು ಅಲೆ ಹುಟ್ಟಿದ ಕಡೆ, ಟ್ರಾನ್ಸ್‌ಮಿಟರ್‌ನಲ್ಲಿ, ಲೇಸರ್‌ನಲ್ಲಿ, ಅಣುವಿನಲ್ಲಿ. ವೇಗ ತೀರ್ಮಾನ ಮಾಡೋದು ಅಲೆ ಹೋಗೋ ದಾರಿ, ನಿರ್ವಾತವೋ ಗಾಜೋ ನೀರೋ ಕೇಬಲ್ಲೋ. ಇವೆರಡೂ ಮೊದಲೇ ನಿರ್ಧಾರ ಆಗ್ಬಿಟ್ಟಿರುತ್ತೆ. ಪಾಪ ವೇವ್‌ಲೆಂತ್‌ಗೆ ತನ್ನದೂ ಅಂತ ಏನೂ ಇಲ್ಲ, ಉಳಿದಿದ್ದಕ್ಕೆ ಹೊಂದ್ಕೊಂಡು ಹೋಗೋದೇ ಅದರ ಹಣೆಬರಹ.

ಅದೇ ಕೆಂಪು ಲೇಸರನ್ನ ಗಾಜಿನ ಬಿಲ್ಲೆ ಒಳಗೆ ಬಿಡಿ. ಗಾಜಿನ ವಕ್ರೀಭವನ ಸೂಚ್ಯಂಕ (ನಿರ್ವಾತಕ್ಕಿಂತ ಅಲ್ಲಿ ಬೆಳಕು ಎಷ್ಟು ಪಟ್ಟು ನಿಧಾನ ಅನ್ನೋ ಸಂಖ್ಯೆ) ಸುಮಾರು 1.5, ಅಂದ್ರೆ ಒಳಗೆ ವೇಗ 3 ಲಕ್ಷದಿಂದ 2 ಲಕ್ಷ ಕಿಲೋಮೀಟರ್‌ಗೆ ಇಳೀತು. ಫ್ರೀಕ್ವೆನ್ಸಿ 461 ಟೆರಾಹರ್ಟ್ಸೇ, ಅದು ಬದಲಾಗೋ ಹಾಗೇ ಇಲ್ಲ, ಯಾಕಂದ್ರೆ ಗಾಜಿನ ಅಂಚಿಗೆ ಸೆಕೆಂಡಿಗೆ ಎಷ್ಟು ಶೃಂಗ ಬಂದು ಬಡೀತೋ ಅಷ್ಟೇ ಒಳಗೆ ಹೋಗ್ಬೇಕು, ಅಂಚಲ್ಲಿ ಶೃಂಗಗಳು ಕಳೆದೂ ಹೋಗಲ್ಲ, ಹೊಸದಾಗಿ ಹುಟ್ಟೋದೂ ಇಲ್ಲ. ಸರಿ, ವೇಗ ಇಳಿದು ಎಣಿಕೆ ಹಾಗೇ ಉಳಿದ್ರೆ ಅಲೆ ಒತ್ತೊತ್ತಾಗ್ಲೇಬೇಕು. 650 ಭಾಗಿಸು 1.5, 433 ನ್ಯಾನೋಮೀಟರ್.

ಈಗ ಬುದ್ಧಿವಂತ ವಿದ್ಯಾರ್ಥಿ ಕೇಳ್ತಾನೆ, 433 ಅಂದ್ರೆ ನೇರಳೆ ನೀಲಿ ಅಲ್ವಾ, ಗಾಜೊಳಗೆ ಕೆಂಪು ಲೇಸರ್ ನೀಲಿ ಕಾಣ್ಬೇಕಲ್ಲ? ಒಳ್ಳೇ ಪ್ರಶ್ನೆ. ಕಾಣಲ್ಲ, ಯಾಕಂದ್ರೆ ಕಣ್ಣಿನ ಕೋಶ ಸ್ಪಂದಿಸೋದು ಫ್ರೀಕ್ವೆನ್ಸಿಗೆ. ಅಷ್ಟಕ್ಕೂ ಕಣ್ಣಿನ ಒಳಗೂ ನೀರಿನಂಥ ದ್ರವನೇ ತುಂಬಿರೋದು, ಅಲ್ಲಿಗೆ ಬರೋವಾಗ ಎಲ್ಲಾ ಬೆಳಕಿನ ವೇವ್‌ಲೆಂತೂ ಕುಗ್ಗೇ ಇರುತ್ತೆ. "650 ನ್ಯಾನೋಮೀಟರ್ ಅಂದ್ರೆ ಕೆಂಪು" ಅಂತ ನಾವು ಹೇಳೋದೆಲ್ಲ ನಿರ್ವಾತದ ಅಳತೆ.

ಫ್ರೀಕ್ವೆನ್ಸಿ ಯಾವತ್ತೂ ಬದಲಾಗಲ್ವಾ ಅಂದ್ರೆ, ಆಗುತ್ತೆ, ಎರಡು ದಾರಿ ನೆನಪಿಡಿ. ಒಂದು, ಕಳಿಸೋರೋ ಹಿಡಿಯೋರೋ ಚಲಿಸ್ತಿದ್ರೆ, ಅದು ಡಾಪ್ಲರ್. ಎರಡನೇದು ನಮ್ಮವರೇ ತೋರಿಸಿದ್ದು. ಬೆಳಕು ಅಣುಗೆ ಬಡಿದು ಚದುರುವಾಗ ಅದರಲ್ಲಿ ಒಂದು ಪುಟ್ಟ ಪಾಲು ಅಣುವಿಗೆ ಸ್ವಲ್ಪ ಶಕ್ತಿ ಕೊಟ್ಟು ಅಥವಾ ಅದರಿಂದ ಕಿತ್ಕೊಂಡು ಬೇರೆ ಫ್ರೀಕ್ವೆನ್ಸೀಲಿ ಹೊರಗೆ ಬರುತ್ತೆ. ಸಿ.ವಿ. ರಾಮನ್ ಕಲ್ಕತ್ತಾದಲ್ಲಿ 1928ರ ಫೆಬ್ರವರಿ 28ಕ್ಕೆ ಕಂಡಿದ್ದು ಇದನ್ನೇ, ಮಾರ್ಚ್ 16ಕ್ಕೆ ಬೆಂಗಳೂರಿಗೆ ಬಂದು ಅದರ ಮೇಲೆ ವಿವರವಾದ ಉಪನ್ಯಾಸ ಕೊಟ್ಟಿದ್ರು. ಅದು ಅಷ್ಟು ದೊಡ್ಡ ಸುದ್ದಿ ಆಗಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ, ಸಾಮಾನ್ಯವಾಗಿ ಅಲುಗಾಡದ ಫ್ರೀಕ್ವೆನ್ಸಿ ಅಲುಗಾಡಿತ್ತು.

ಹಾಗಾಗಿ ಯಾವ ಲೆಕ್ಕ ಬಂದ್ರೂ ಪ್ರಶ್ನೆ ಇದೇ ಕ್ರಮದಲ್ಲಿ ಕೇಳಿ: ಫ್ರೀಕ್ವೆನ್ಸಿ ಎಷ್ಟು? ಅಲೆ ಯಾವುದರ ಒಳಗೆ ಹೋಗ್ತಿದೆ, ಅಲ್ಲಿ ವೇಗ ಎಷ್ಟು? ಕೊನೇಗೆ ಭಾಗಿಸಿ ವೇವ್‌ಲೆಂತ್ ತಗೊಳ್ಳಿ.

ಹಂತ 5: ಒಂದು ಎಫ್‌ಎಂ ಆಂಟೆನಾ ಮಾಡಿ ನೋಡಿ

ಖರ್ಚು ಅಂತ ಏನೂ ಇಲ್ಲ, ಎರಡು ತುಂಡು ವೈರು, ಹಳೇ ಕೇಬಲ್ ಟೀವಿ ವೈರು. ಅರ್ಧ ಅಲೆ ಡೈಪೋಲ್ ಅಂತಾರೆ ಇದಕ್ಕೆ. 101.3ಕ್ಕೆ ಅರ್ಧ ಅಲೆ 1.48 ಮೀಟರ್. ಆದ್ರೆ ತಂತಿ ತುದೀಲಿ ಆಗೋ ಪರಿಣಾಮದಿಂದ ನಿಜವಾದ ಆಂಟೆನಾ ನೂರಕ್ಕೆ 5ರಷ್ಟು ಗಿಡ್ಡ ಇರ್ಬೇಕು, ಅದಕ್ಕೆ ಹ್ಯಾಮ್ ರೇಡಿಯೋದವ್ರು, ಅಂದ್ರೆ ಹವ್ಯಾಸಕ್ಕೆ ರೇಡಿಯೋ ನಡೆಸೋರು, 150 ಬಿಟ್ಟು 143ನ ಮೆಗಾಹರ್ಟ್ಸ್‌ನಿಂದ ಭಾಗಿಸ್ತಾರೆ. 143 ಭಾಗಿಸು 101.3, 1.41 ಮೀಟರ್. ಅಂದ್ರೆ ಒಂದೊಂದು ತುಂಡು ಎಪ್ಪತ್ತೂವರೆ ಸೆಂಟಿಮೀಟರ್.

ಎರಡು ತುಂಡನ್ನೂ ಒಂದು ಪಿವಿಸಿ ಪೈಪಿನ ಮೇಲೆ ಒಂದೇ ನೇರಕ್ಕೆ ಟೇಪ್ ಸುತ್ತಿ ಕೂರಿಸಿ, ಮಧ್ಯೆ ಒಂದು ಸೆಂಟಿಮೀಟರ್ ಗ್ಯಾಪ್ ಬಿಡಿ, ತುಂಡುಗಳು ಒಂದಕ್ಕೊಂದು ತಾಗ್ಬಾರ್ದು. ಕೇಬಲ್ಲಿನ ನಡುವಿನ ತಂತಿ ಒಂದು ತುಂಡಿಗೆ, ಹೊರಗಿನ ಜಾಲರಿ ಇನ್ನೊಂದಕ್ಕೆ. ಟೀವಿ ಕೇಬಲ್ 75 ಓಮ್, ಡೈಪೋಲ್ ನಡುವಿನ ಇಂಪೀಡೆನ್ಸ್ (ಅಲೆ ರೂಪದ ಕರೆಂಟಿಗೆ ಇರೋ ತಡೆ) 73 ಓಮ್ ಹತ್ರ, ಹಾಗಾಗಿ ಜೋಡಿ ಚೆನ್ನಾಗಿ ಕೂರುತ್ತೆ. ಇನ್ನೊಂದು ತುದಿ ರೇಡಿಯೋದ ಆಂಟೆನಾ ಪಾಯಿಂಟಿಗೆ. ಅಡ್ಡ ಹಿಡಿದು ಒಂದ್ಸಲ, ನಿಲ್ಲಿಸಿ ಒಂದ್ಸಲ ನೋಡಿ, ಯಾವ್ದು ಚೆನ್ನಾಗಿ ಬರುತ್ತೋ ಹಾಗೆ ಕಟ್ಟಿ. ಕರೆಂಟ್ ಲೈನ್ ಹತ್ರ ಮಾತ್ರ ಕಟ್ಬೇಡಿ, ಮಳೆ ಗುಡುಗಿನ ದಿನ ಕಳಚಿಡಿ.

ಅಂದ ಹಾಗೆ ಕೇಬಲ್ ಒಳಗೂ ಅಲೆ ನಿಧಾನ ಆಗುತ್ತೆ. ಗಟ್ಟಿ ಪಾಲಿಥಿನ್ ತುಂಬಿದ ಕೇಬಲ್ಲಲ್ಲಿ ವೇಗ ಬೆಳಕಿನ 0.66ರಷ್ಟು, ಹಾಗಾಗಿ 2.96 ಮೀಟರಿನ ಅಲೆ ಅದರೊಳಗೆ 1.95 ಮೀಟರ್ ಅಷ್ಟೇ. ಕೇಬಲ್ಲನ್ನೇ ಅಳತೆಗೆ ಕತ್ತರಿಸಿ ಫಿಲ್ಟರ್ ಗಿಲ್ಟರ್ ಎಲ್ಲಾ ಮಾಡೋರು ಈ 0.66ನ ಮರೆತ್ರೆ ಕೆಲಸ ಕೆಡುತ್ತೆ.

ಹಂತ 6: ಹಪ್ಪಳ ಇಟ್ಟು ಬೆಳಕಿನ ವೇಗ ಅಳೆಯೋದು

ಮೈಕ್ರೋವೇವ್ ಅವನ್ ಹಿಂದೆ ಒಂದು ಸ್ಟಿಕರ್ ಇರುತ್ತೆ, 2450 ಮೆಗಾಹರ್ಟ್ಸ್ ಅಂತ. ಫ್ರೀಕ್ವೆನ್ಸಿ ಸಿಕ್ತು. ವೇವ್‌ಲೆಂತನ್ನ ಸ್ಕೇಲಲ್ಲಿ ಅಳೆದ್ರೆ ಗುಣಿಸಿದಾಗ ವೇಗ ಬರ್ಲೇಬೇಕು.

ಡಬ್ಬದ ಲೋಹದ ಗೋಡೆಗೆ ಬಡಿದು ಅಲೆ ವಾಪಸ್ ಬರುತ್ತೆ, ಹೋಗೋದೂ ಬರೋದೂ ಒಂದಕ್ಕೊಂದು ಸೇರಿ ನಿಂತ ಅಲೆ ಆಗುತ್ತೆ. ಕೆಲವು ಜಾಗದಲ್ಲಿ ಯಾವಾಗ್ಲೂ ಜೋರು, ಕೆಲವು ಕಡೆ ಯಾವಾಗ್ಲೂ ಸಪ್ಪೆ. ಜೋರಿರೋ ಎರಡು ಪಕ್ಕದ ಜಾಗಗಳ ನಡುವೆ ಅರ್ಧ ಅಲೆ ದೂರ. ತಟ್ಟೆ ತಿರುಗೋದು ಯಾಕೆ ಅಂದ್ರೆ ಅನ್ನ ಒಂದೇ ಕಡೆ ಬೆಂದು ಇನ್ನೊಂದು ಕಡೆ ತಣ್ಣಗೆ ಉಳೀಬಾರ್ದು ಅಂತಲೇ. ನಮಗೆ ಈಗ ಬೇಕಾಗಿರೋದು ಆ ತೊಂದರೇನೇ.

ಗಾಜಿನ ತಟ್ಟೆ, ಕೆಳಗಿನ ಚಕ್ರದ ರಿಂಗು ತೆಗೀರಿ. ನಡುವಿನ ತಿರುಗೋ ಗುಬಟದ ಮೇಲೆ ಒಂದು ಮೈಕ್ರೋವೇವ್‌ಗೆ ಆಗೋ ಬಟ್ಟಲನ್ನ ಅದಕ್ಕೆ ತಾಗದ ಹಾಗೆ ಬೋರಲು ಹಾಕಿ, ಅದರ ಮೇಲೆ ಚಪ್ಪಟೆ ಪಿಂಗಾಣಿ ತಟ್ಟೆ. ಅದರ ತುಂಬ ಹಸೀ ಉದ್ದಿನ ಹಪ್ಪಳ ಪಕ್ಕ ಪಕ್ಕ ಹರಡಿ. ಲೋಹದ ಸ್ಟ್ಯಾಂಡು, ಫಾಯಿಲ್ ಒಳಗೆ ಇರ್ಬಾರ್ದು, ಗ್ರಿಲ್ ಮೋಡ್ ಬೇಡ, ಖಾಲಿ ಅವನ್ ಓಡಿಸ್ಬಾರ್ದು. ಫುಲ್ ಪವರ್ ಹಾಕಿ ಬಾಗಿಲ ಮುಂದೇನೇ ನಿಂತು ನೋಡ್ತಿರಿ. ಸ್ವಲ್ಪ ಹೊತ್ತಿಗೆ ಹಪ್ಪಳದ ಮೇಲೆ ಅಲ್ಲಲ್ಲಿ ಬೆಳ್ಳಗೆ ಗುಳ್ಳೆ ಏಳುತ್ತೆ, ಸುತ್ತ ಇನ್ನೂ ಹಳದಿ ಹಸೀನೇ ಇರುತ್ತೆ. ಆ ಕ್ಷಣಕ್ಕೇ ನಿಲ್ಲಿಸಿ, ಇನ್ನೊಂದಿಷ್ಟು ಬಿಟ್ರೆ ಎಲ್ಲಾ ಉಬ್ಬಿ ಗುರುತು ಮಾಯ, ಆಮೇಲೆ ತಿನ್ನೋಕಷ್ಟೇ.

ಗುಳ್ಳೆ ಮಚ್ಚೆಗಳ ನಡುವಿನ ದೂರ, ಮಧ್ಯದಿಂದ ಮಧ್ಯಕ್ಕೆ ಅಳೀರಿ. 6.2 ಸೆಂಟಿಮೀಟರ್ ಬಂತು ಅಂದ್ಕೊಳ್ಳಿ. ಎರಡರಷ್ಟು ಮಾಡಿ, 12.4 ಸೆಂಟಿಮೀಟರ್, ಅಂದ್ರೆ 0.124 ಮೀಟರ್. ಇಂಟು 2450 ಮೆಗಾಹರ್ಟ್ಸ್, ಸೆಕೆಂಡಿಗೆ 30.38 ಕೋಟಿ ಮೀಟರ್. ನಿಜದ್ದು 29.98 ಕೋಟಿ. ನೂರಕ್ಕೆ 1.3ರಷ್ಟು ತಪ್ಪು, ಹಪ್ಪಳಕ್ಕೆ ಇದು ಭಾರೀ ಆಯ್ತು.

ಎಲ್ಲರ ಮನೇಲೂ ಇಷ್ಟು ಚಂದ ಬರಲ್ಲ. ಅವನ್ ಒಳಗೆ ಅಲೆ ಉದ್ದ, ಅಗಲ, ಎತ್ತರ ಮೂರೂ ಕಡೆ ಬಡೀತಿರುತ್ತೆ, ಹಾಗಾಗಿ ಮಚ್ಚೆ ಸಾಲಾಗಿ ಬರ್ದೆ ಚೆಲ್ಲಾಪಿಲ್ಲಿ ಆಗ್ಬಹುದು, ಒಂದು ಕಡೆ 5.8 ಇನ್ನೊಂದು ಕಡೆ 7 ಬರ್ಬಹುದು. ನಾಲ್ಕೈದು ಜೋಡಿ ಅಳೆದು ಸರಾಸರಿ ತಗೊಳ್ಳಿ. ತಟ್ಟೆನೇ ಇಲ್ದಿರೋ ಹೊಸ ಮಾಡೆಲ್‌ಗಳಲ್ಲಿ ಕೆಳಗೆ ಅಲೇನೇ ಚದುರಿಸೋ ಫ್ಯಾನ್ ತಿರುಗ್ತಿರುತ್ತೆ, ಅದರಲ್ಲಿ ಪ್ರಯೋಗ ಆಗಲ್ಲ. ಬಾಗಿಲ ಗಾಜಿನ ಒಳಗಿನ ತೂತು ತೂತು ಜಾಲರಿನೂ ಒಂದ್ಸಲ ನೋಡಿ, ತೂತು ಒಂದೆರಡು ಮಿಲಿಮೀಟರ್, 12 ಸೆಂಟಿಮೀಟರ್ ಅಲೆಗೆ ಅದು ಗೋಡೆ ಇದ್ದ ಹಾಗೆ, ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟೂ ಉದ್ದ ಇಲ್ದಿರೋ ಬೆಳಕಿನ ಅಲೆಗೆ ಹೆಬ್ಬಾಗಿಲು. ಅದಕ್ಕೇ ಹಪ್ಪಳ ಕಾಣುತ್ತೆ, ಮೈಕ್ರೋವೇವ್ ಹೊರಗೆ ಬರಲ್ಲ.

ಇದನ್ನ ಮಕ್ಕಳಾಟ ಅಂದ್ಕೋಬೇಡಿ. ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ಹೈನ್‌ರಿಕ್ ಹರ್ಟ್ಸ್ 1887-88ರಲ್ಲಿ ರೇಡಿಯೋ ಅಲೆ ಇದೆ ಅಂತ ತೋರಿಸಿದ್ದೂ ಗೋಡೆಗೆ ಲೋಹದ ಹಾಳೆ ಹೊಡೆದು, ನಿಂತ ಅಲೇಲಿ ಎಲ್ಲಿ ಕಿಡಿ ಜೋರು ಎಲ್ಲಿ ಸಪ್ಪೆ ಅಂತ ಅಳೆದೇ. ಜಗದೀಶಚಂದ್ರ ಬೋಸ್ 1890ರ ದಶಕದಲ್ಲಿ ಕಲ್ಕತ್ತಾದಲ್ಲಿ ಅದೇ ಅಲೇನ 5 ಮಿಲಿಮೀಟರ್‌ವರೆಗೆ ಗಿಡ್ಡ ಮಾಡಿದ್ರು, 30 ಭಾಗಿಸು 0.5, 60 ಗಿಗಾಹರ್ಟ್ಸ್, ಆ ಕಾಲಕ್ಕೆ! ಇಂಗ್ಲೆಂಡಿನ ಲೂಯಿ ಎಸೆನ್ 1950ರಲ್ಲಿ ಒಂದು ಲೋಹದ ಡಬ್ಬದೊಳಗೆ ಮೈಕ್ರೋವೇವ್ ತುಂಬಿ, ಡಬ್ಬದ ಅಳತೆ ಮತ್ತು ಫ್ರೀಕ್ವೆನ್ಸಿಯಿಂದ ಬೆಳಕಿನ ವೇಗ 2,99,792.5 ಕಿಲೋಮೀಟರ್ ಅಂತ ಲೆಕ್ಕ ಹಾಕಿದ್ರು. ತತ್ವ ನಿಮ್ಮ ಹಪ್ಪಳದ್ದೇ.

1983ರಲ್ಲಿ ಒಂದು ತಮಾಷೆ ಆಯ್ತು. ಲೇಸರ್‌ಗಳಿಂದ ವೇಗನ ಎಷ್ಟು ನಿಖರವಾಗಿ ಅಳೆಯೋ ಹಾಗಾಯ್ತು ಅಂದ್ರೆ ಮೀಟರಿನ ವ್ಯಾಖ್ಯಾನನೇ ಅದರ ಮುಂದೆ ಮಸುಕಾಗಿ ಕಾಣೋಕೆ ಶುರುವಾಯ್ತು. ಆಗ ಉಲ್ಟಾ ಮಾಡಿದ್ರು, ವೇಗ 29,97,92,458 ಅಂತ ಗಟ್ಟಿ ಮಾಡಿ, ಬೆಳಕು 29,97,92,458ರಲ್ಲಿ ಒಂದು ಪಾಲು ಸೆಕೆಂಡಲ್ಲಿ ಹೋಗೋ ದೂರನೇ ಒಂದು ಮೀಟರ್ ಅಂದ್ಬಿಟ್ರು. ಹಾಗಾಗಿ ಈಗ ಯಾರೂ ಬೆಳಕಿನ ವೇಗ ಅಳೆಯೋ ಹಾಗೇ ಇಲ್ಲ. ನಿಮ್ಮ ಹಪ್ಪಳದ ಲೆಕ್ಕದಲ್ಲಿ 30.38 ಬಂದ್ರೆ, ಮೇಷ್ಟ್ರು ಹೇಳ್ಬೇಕಾಗಿರೋದು "ನಿನ್ನ ಸ್ಕೇಲು, ಹಪ್ಪಳ ಅಥವಾ ಸ್ಟಿಕರ್ ಮೇಲಿನ ಫ್ರೀಕ್ವೆನ್ಸಿ ಸರಿ ಇಲ್ಲ" ಅಂತ.

ಹಂತ 7: ಇವನ್ನ ನೀವೇ ಮಾಡಿ

ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್, ಮೀಟರ್ ಎಷ್ಟು? ವೈಫೈ 5180 ಮೆಗಾಹರ್ಟ್ಸ್, ಸೆಂಟಿಮೀಟರ್ ಎಷ್ಟು? ಹಳೇ ಹಳದಿ ಸೋಡಿಯಂ ಬೀದಿ ದೀಪ 589 ನ್ಯಾನೋಮೀಟರ್, ಫ್ರೀಕ್ವೆನ್ಸಿ ಎಷ್ಟು, ಮತ್ತೆ ಅದೇ ಬೆಳಕು ನೀರೊಳಗೆ ಹೋದ್ರೆ ಎರಡೂ ಎಷ್ಟೆಷ್ಟು, ನೀರಿನ ಸೂಚ್ಯಂಕ 1.33? ಕೊನೇದು ಸ್ವಲ್ಪ ಕಿತಾಪತಿ: 20 ಕಿಲೋಹರ್ಟ್ಸ್ ರೇಡಿಯೋ ಅಲೆ ಎಷ್ಟು ಉದ್ದ, 20 ಕಿಲೋಹರ್ಟ್ಸ್ ಶಬ್ದದ ಅಲೆ ಎಷ್ಟು ಉದ್ದ?

ಉತ್ತರ: 444.4 ಮೀಟರ್. 5.8 ಸೆಂಟಿಮೀಟರ್. 509 ಟೆರಾಹರ್ಟ್ಸ್, ನೀರಲ್ಲೂ 509ನೇ, ವೇವ್‌ಲೆಂತ್ ಮಾತ್ರ 443 ನ್ಯಾನೋಮೀಟರ್. ಕೊನೇದಕ್ಕೆ ರೇಡಿಯೋ ಅಲೆ 15 ಕಿಲೋಮೀಟರ್, ಶಬ್ದ ಗಾಳೀಲಿ ಸೆಕೆಂಡಿಗೆ 343 ಮೀಟರ್ ಹೋಗೋದ್ರಿಂದ ಅದರ ಅಲೆ 1.7 ಸೆಂಟಿಮೀಟರ್. ಇಲ್ಲಿ ಎರಡಕ್ಕೂ 3 ಲಕ್ಷನೇ ಹಾಕಿದ್ರೆ 4ನೇ ಹಂತ ಇನ್ನೊಂದ್ಸಲ ಓದಿ.